ಗದ್ದೆಯ ಮೀಥೇನ್ ಅಳೆದವರು ಯಾರು?

ಸಿಂಧನೂರು ತಾಲ್ಲೂಕಿನ ರೈತರೊಬ್ಬರು ಬರೆದಿದ್ದಾರೆ: ‘ದೇಶದ ಹಸಿರುಮನೆ ಅನಿಲದ ಲೆಕ್ಕಕ್ಕೆ ಭತ್ತದ ಗದ್ದೆಯನ್ನೂ ಸೇರಿಸುತ್ತಾರೆಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಮ್ಮ ಗದ್ದೆಗೆ ಇದುವರೆಗೆ ಯಾರೂ ಯಂತ್ರ ತಂದಿಟ್ಟಿಲ್ಲ. ಹಾಗಾದರೆ ಅಂಕಿ ಎಲ್ಲಿಂದ ಬಂತು? ಸರ್ಕಾರ ತನ್ನ ಪರೀಕ್ಷೆಗೆ ತಾನೇ ಅಂಕ ಹಾಕಿಕೊಂಡರೆ ನಂಬುವುದು ಹೇಗೆ? ನಾವು ನೀರು ನಿಲ್ಲಿಸುವುದನ್ನು ಕಡಿಮೆ ಮಾಡಿದರೆ ಅದು ಲೆಕ್ಕದಲ್ಲಿ ಕಾಣುತ್ತದೆಯೇ?’

ಮಾನ್ಯರೇ,

ನಿಮ್ಮ ಗದ್ದೆಯನ್ನು ಯಾರೂ ಅಳೆದಿಲ್ಲದಿರಬಹುದು. ಇಡೀ ದೇಶದ ಹೊಗೆಯನ್ನು ಮೀಟರಿಟ್ಟು ಓದುವ ವ್ಯವಸ್ಥೆ ಯಾವ ದೇಶದಲ್ಲೂ ಇಲ್ಲ. ಇದು ಗುಣಾಕಾರದ ಲೆಕ್ಕ. ಎಷ್ಟು ಟನ್ ಕಲ್ಲಿದ್ದಲು ಉರಿಯಿತು, ಎಷ್ಟು ಹೆಕ್ಟೇರಿನಲ್ಲಿ ಭತ್ತ ಬೆಳೆಯಿತು, ಎಷ್ಟು ಎಮ್ಮೆಗಳಿವೆ ಎಂಬುದು ಇಲಾಖೆಗಳ ದಫ್ತರದಲ್ಲಿ ಸಿಗುತ್ತದೆ. ಒಂದು ಟನ್ನಿಗೆ, ಒಂದು ಹೆಕ್ಟೇರಿಗೆ, ಒಂದು ಎಮ್ಮೆಗೆ ಎಷ್ಟು ಅನಿಲ ಎಂಬ ಗುಣಾಂಕದಿಂದ ಅದನ್ನು ಗುಣಿಸಿ, ಎಲ್ಲವನ್ನೂ ಕೂಡಿಸುತ್ತಾರೆ. ತಕರಾರೆಲ್ಲ ಇರುವುದು ಈ ಗುಣಾಂಕದ ಮೇಲೆ.

ಅದರ ಅತಿ ದೊಡ್ಡ ತಕರಾರು ಎದ್ದದ್ದು ನಿಮ್ಮ ಬೆಳೆಯ ಬಗ್ಗೆಯೇ. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಲ್ಲಿ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಹೊರಡುತ್ತದೆ ಎಂದಿತ್ತು. (ನೀರು ನಿಂತ ಕೆಸರಿನಲ್ಲಿ ಸಾವಯವ ಅಂಶ ಕೊಳೆತಾಗ ಹುಟ್ಟುವ ಹಸಿರುಮನೆ ಅನಿಲ ಇದು.) ಅದಕ್ಕೆ ಬಳಸಿದ ಗುಣಾಂಕ ಬಂದದ್ದು ಯುರೋಪ್ ಮತ್ತು ಅಮೆರಿಕದ ಗದ್ದೆಗಳಿಂದ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಇದನ್ನು ಒಪ್ಪಲಿಲ್ಲ. ಅವರ ಮುಂದಾಳತ್ವದಲ್ಲಿ 1991ರಲ್ಲಿ ದೇಶದ ಬೇರೆ ಬೇರೆ ಭತ್ತದ ಸೀಮೆಗಳಲ್ಲಿ ಅಳತೆ ನಡೆಯಿತು. ನಿಂತ ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಒಳಗೆ ಸೇರಿದ ಗಾಳಿಯನ್ನು ಆಗಾಗ ಸಿರಿಂಜಿನಲ್ಲಿ ಎಳೆದು ಪರೀಕ್ಷಿಸುವ ಕೆಲಸ ಅದು. ಬಂದ ಉತ್ತರ ವರ್ಷಕ್ಕೆ ಸುಮಾರು 40 ಲಕ್ಷ ಟನ್. ಹೆಚ್ಚು ಕಡಿಮೆ ಹತ್ತನೆಯ ಒಂದು ಪಾಲು! ನಮ್ಮ ಬಹುಪಾಲು ಗದ್ದೆಗಳಲ್ಲಿ ಬೆಳೆಯುದ್ದಕ್ಕೂ ನೀರು ನಿಲ್ಲುವುದಿಲ್ಲ, ಮಣ್ಣಿನಲ್ಲಿ ಸಾವಯವ ಅಂಶವೂ ಕಡಿಮೆ. ಕೆಸರಿನಲ್ಲಿ ಕೂತು ಅಳೆದ ಆ ವಿಜ್ಞಾನಿಗಳಿಗೆ ಈ ದೇಶದ ರೈತರು ಋಣಿಗಳಾಗಿರಬೇಕು ಎಂಬುದು ನನ್ನ ಮನಸ್ಸಿನ ಮಾತು. ಅವರು ಅಳೆಯದೆ ಬರೀ ಪ್ರತಿಭಟಿಸಿದ್ದರೆ ಅಂತರರಾಷ್ಟ್ರೀಯ ಮಾತುಕತೆಗಳಲ್ಲಿ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಆ ದಾರಿಯಲ್ಲಿ ಮುಂದುವರಿದ ಅಳತೆಗಳಿಂದ ಬಂದದ್ದು ಈಗಿನ ಗುಣಾಂಕಗಳು: ಸದಾ ನೀರು ನಿಂತ ನೀರಾವರಿ ಗದ್ದೆಗೆ ಹೆಕ್ಟೇರಿಗೆ 162 ಕೆ.ಜಿ. ಮೀಥೇನ್, ನಡುವೆ ಒಮ್ಮೆ ನೀರು ಬಸಿದರೆ 66, ಹಲವು ಬಾರಿ ಬಸಿದರೆ 18.

ಕಲ್ಲಿದ್ದಲಿನದೂ ಇದೇ ಕಥೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ಕೈಪಿಡಿಯ ಸಿದ್ಧ ಅಂಕಿ ಹಿಡಿದರೆ, ಬಿಟುಮಿನಸ್ ಕಲ್ಲಿದ್ದಲು ಒಂದು ಟನ್ ಉರಿದಾಗ ಸುಮಾರು 2.44 ಟನ್ ಇಂಗಾಲದ ಡೈಆಕ್ಸೈಡ್. ನಮ್ಮ ಕಲ್ಲಿದ್ದಲಲ್ಲಿ ಬೂದಿ ಹೆಚ್ಚು, ಶಾಖ ಕಡಿಮೆ. ಅಳೆದು ನೋಡಿದಾಗ 1.88 ಟನ್ನಿನ ಆಸುಪಾಸು ಬಂತು. (ಇದು ನಮ್ಮ ಕಲ್ಲಿದ್ದಲಿನ ಹೆಗ್ಗಳಿಕೆಯೇನಲ್ಲ. ಶಾಖ ಕಡಿಮೆಯಾದ್ದರಿಂದ ಅಷ್ಟೇ ವಿದ್ಯುತ್ತಿಗೆ ಹೆಚ್ಚು ಟನ್ ಸುಡಬೇಕಾಗುತ್ತದೆ.) ದನಕರುಗಳಿಗೂ ನಮ್ಮದೇ ಗುಣಾಂಕಗಳಿವೆ: ಹಾಲು ಕೊಡುವ ನಾಟಿ ಹಸುವಿಗೆ ವರ್ಷಕ್ಕೆ 28 ಕೆ.ಜಿ. ಮೀಥೇನ್, ಮಿಶ್ರತಳಿಗೆ 43, ಎಮ್ಮೆಗೆ 50.

ಇನ್ನು ನಂಬಿಕೆಯ ಪ್ರಶ್ನೆ. ಸರ್ಕಾರದ ಲೆಕ್ಕವನ್ನು ಕಾಗದ ಮುಟ್ಟದೆಯೇ ಪರೀಕ್ಷಿಸುವ ದಾರಿ ಇದೆ. ಗಾಳಿಯಲ್ಲಿ ಎಷ್ಟು ಮೀಥೇನ್ ಇದೆ ಎಂದು ಅಳೆದು, ಗಾಳಿ ಬೀಸಿದ ದಿಕ್ಕು ನೋಡಿ, ಅದು ಎಲ್ಲಿಂದ ಎಷ್ಟು ಹೊರಟಿರಬೇಕೆಂದು ಹಿಂದಕ್ಕೆ ಲೆಕ್ಕ ಹಾಕುವುದು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಅನಿತಾ ಗಣೇಶನ್ ಮತ್ತು ಸಂಗಡಿಗರು ನೆಲದ ಕೇಂದ್ರಗಳು, ವಿಮಾನ ಮತ್ತು ಉಪಗ್ರಹದ ಅಳತೆಗಳನ್ನು ಸೇರಿಸಿ 2010ರಿಂದ 2015ರವರೆಗಿನ ಭಾರತದ ಮೀಥೇನ್ ಲೆಕ್ಕ ಹಾಕಿದರು. ಉತ್ತರ ವರ್ಷಕ್ಕೆ ಸುಮಾರು 2 ಕೋಟಿ 20 ಲಕ್ಷ ಟನ್. ಭಾರತ ವಿಶ್ವಸಂಸ್ಥೆಗೆ ಕೊಟ್ಟ ಅಂಕಿಗೆ ಅದು ಹೊಂದಿಕೆಯಾಯಿತು. 2017ರಲ್ಲಿ ಪ್ರಕಟವಾದ ಈ ಅಧ್ಯಯನ ನಮ್ಮಲ್ಲಿ ದೊಡ್ಡ ಸುದ್ದಿಯಾಗಬೇಕಿತ್ತು.

ಆದರೂ ನೀವು ಅನುಮಾನ ಪಡಲೇಬೇಕಾದ ಜಾಗಗಳಿವೆ. ಒಂದು, ತಡ. ಭಾರತ 2024ರ ಡಿಸೆಂಬರ್ 30ರಂದು ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿಯಲ್ಲಿರುವುದು 2020ರ ಲೆಕ್ಕ: ಎಲ್ಲ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡಿಗೆ ಸಮನಾಗಿಸಿದರೆ ಒಟ್ಟು ಸುಮಾರು 296 ಕೋಟಿ ಟನ್. ಅದು ಕೋವಿಡ್ ವರ್ಷ, ಅದರಲ್ಲಿ ಕಾಣುವ ಇಳಿಕೆಯಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ಬಹುತೇಕ ಶ್ರೀಮಂತ ದೇಶಗಳು ಪ್ರತಿವರ್ಷ ಲೆಕ್ಕ ಒಪ್ಪಿಸುತ್ತವೆ. ನಮ್ಮ ಬಳಿ ಅದಕ್ಕೆ ಬೇಕಾದ ವಿಜ್ಞಾನಿಗಳಿದ್ದಾರೆ, ಕೊರತೆ ಇರುವುದು ಇಚ್ಛೆಯದು. ಇನ್ನೊಂದು, ಅರಣ್ಯ. ಅದೇ ವರದಿಯಂತೆ ಕಾಡು ಮತ್ತು ನೆಲ ಸುಮಾರು 52 ಕೋಟಿ ಟನ್ ಹೀರಿಕೊಂಡಿವೆ. ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವ್ಯಾಖ್ಯೆಯಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚು ವಿಸ್ತಾರವಿದ್ದು ನೂರಕ್ಕೆ ಹತ್ತು ಪಾಲು ಮರದ ನೆರಳಿದ್ದರೆ ಅದು ‘ಅರಣ್ಯ ಹೊದಿಕೆ’. ಕೊಡಗಿನ ಕಾಫಿ ತೋಟ, ತಿಪಟೂರಿನ ತೆಂಗಿನ ತೋಟವೂ ಅದರೊಳಗೆ ಬರಬಹುದು. ಹಳೆಯ ಕಾಡು ಕಡಿದು ಹೊಸ ತೋಟ ಬೆಳೆದರೆ ಹೊದಿಕೆಯ ಅಂಕಿ ಹಾಗೆಯೇ ಉಳಿದೀತು. ಕಲ್ಲಿದ್ದಲಿನ ಅಂಕಿಯಷ್ಟು ಗಟ್ಟಿಯಾಗಿ ಈ ಅಂಕಿಯನ್ನು ನಾನು ನಂಬಲಾರೆ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ನೀವು ನೀರು ಬಸಿದರೆ ಗಾಳಿಗೆ ಹೋಗುವ ಮೀಥೇನ್ ಖಂಡಿತ ಇಳಿಯುತ್ತದೆ. (ಗದ್ದೆ ಒಣಗಿದಾಗ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಹೆಚ್ಚಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.) ಆದರೆ ವರದಿಯಲ್ಲಿ ಅದು ಕಾಣಬೇಕಾದರೆ ಎಷ್ಟು ಎಕರೆಯಲ್ಲಿ ಸದಾ ನೀರು ನಿಂತಿತ್ತು, ಎಷ್ಟರಲ್ಲಿ ಬಸಿದರು ಎಂದು ಯಾರಾದರೂ ಬರೆದಿಟ್ಟಿರಬೇಕು. ಇಲ್ಲವಾದರೆ ತುಂಗಭದ್ರಾ ಕಾಲುವೆಯ ಇಡೀ ಸೀಮೆ ಕೂರಿಗೆ ಭತ್ತಕ್ಕೆ (ನಾಟಿ ಮಾಡದೆ ನೇರ ಬಿತ್ತುವ, ಸದಾ ನೀರು ನಿಲ್ಲಿಸಬೇಕಿಲ್ಲದ ಭತ್ತ) ತಿರುಗಿದರೂ ಲೆಕ್ಕದಲ್ಲಿ 162 ಹಾಗೆಯೇ ಕೂತಿರುತ್ತದೆ. ನಮ್ಮ ರಾಜ್ಯದಲ್ಲಿ ಪ್ರತಿ ಹಂಗಾಮಿನಲ್ಲೂ ಮೊಬೈಲ್ ಆ್ಯಪ್‌ನಲ್ಲಿ ತಾಕು ತಾಕಿನ ಬೆಳೆ ಸಮೀಕ್ಷೆ ನಡೆಯುತ್ತದೆ. ಭತ್ತದ ತಾಕಿಗೆ ಅದರಲ್ಲಿ ಎರಡು ಪ್ರಶ್ನೆ ಸೇರಿಸಿದರೆ ಸಾಕು: ನಾಟಿಯೋ ಕೂರಿಗೆಯೋ, ನೀರು ಎಷ್ಟು ಸಲ ಬಸಿದಿರಿ. ಕೃಷಿ ಇಲಾಖೆಗೆ ಈ ಕೋರಿಕೆಯನ್ನು ಪತ್ರಿಕೆಯ ಕಡೆಯಿಂದ ಕಳುಹಿಸುತ್ತಿದ್ದೇನೆ. ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ನೀವೂ ಲಿಖಿತವಾಗಿ ಕೊಡಿ, ಅಕ್ಕಪಕ್ಕದವರ ಸಹಿಯನ್ನೂ ಹಾಕಿಸಿ.

— ಸಂಪಾದಕ