ಹಗಲೆಲ್ಲ ಮಲಗುವ ಕೂಸು

ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ) ಮುಗಿದು ಕೆಲಸ ಬಿರುಸಾಗುವ ಹೊತ್ತಿಗೆ ಆಪ್ತಸಲಹೆಗೆ ಬರುವ ಕೂಲಿ ತಾಯಂದಿರ ದೂರು ಹೆಚ್ಚುಕಡಿಮೆ ಒಂದೇ: ನಿದ್ದೆ ಇಲ್ಲ, ಸಿಟ್ಟು ತಡೆಯಲಾಗುತ್ತಿಲ್ಲ, ದೊಡ್ಡ ಮಗುವಿಗೆ ಹೊಡೆದುಬಿಡುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ ಈ ಪ್ರಕರಣವೂ ಹಾಗೇ ಶುರುವಾಯಿತು.

ವಿಜಯಪುರ ಜಿಲ್ಲೆ, ತಿಕೋಟಾ ಭಾಗದ ಹಳ್ಳಿ. ಗಂಡ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಒಂಬತ್ತು ವರ್ಷದ ಮಗಳು, ಹದಿನಾಲ್ಕು ತಿಂಗಳ ಗಂಡುಕೂಸು, ಕಣ್ಣು ಮಂಜಾದ ಅತ್ತೆ. ಬೆಳಿಗ್ಗೆ 7ಕ್ಕೆ ಟಂಟಂ ಹತ್ತಿದ ತಾಯಿ ಮರಳುವುದು ಸಂಜೆ 6ಕ್ಕೆ.

ಕೂಸು ರಾತ್ರಿಯಿಡೀ ಎದ್ದಿರುತ್ತದೆ ಎಂದು ಮೊದಲ ಭೇಟಿಯಲ್ಲೇ ಹೇಳಿದ್ದಳು. ಎರಡನೆಯ ಭೇಟಿಯಲ್ಲಿ ಕೇಳಿದೆ: “ಹಗಲಿ ಎಷ್ಟ ತಾಸು ಮಲಗ್ತದವ್ವಾ?”

“ನಾ ಬರೂತನಾ ಮಲಗಿರ್ತದ್ರಿ.”

ಆ ವಯಸ್ಸಿನ ಕೂಸು ಹಗಲು ರಾತ್ರಿ ಸೇರಿ 11ರಿಂದ 14 ತಾಸು ಮಲಗಬೇಕು. ಹಗಲಿನ ಪಾಲು ಎರಡು ಮೂರು ತಾಸು. ಹೇಗೆ ಮಲಗಿಸುತ್ತೀ ಎಂದರೆ ಚೀಲದಿಂದ ಬಾಟಲಿ ತೆಗೆದಳು. ನೆಗಡಿಯ ಸಿರಪ್. ಮುಚ್ಚಳದೊಳಗೆ ಸಕ್ಕರೆ ಅಂಟು ಗಟ್ಟಿಯಾಗಿ ಅಳತೆಯ ಗೆರೆಯೇ ಕಾಣುತ್ತಿರಲಿಲ್ಲ. “ಮುಂಜಾನೆ ಅರ್ಧ ಮುಚ್ಚಳ ನಾ ಹಾಕ್ತೀನ್ರಿ, ನಡುಹೊತ್ತಿಗೆ ಅತ್ತಿ ಹಾಕ್ತಾಳ.”

ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: “ಎದ್ರ ಮುದುಕಿ ಕೈಗೆ ಸಿಗೂದಿಲ್ರಿ ಅಕ್ಕಾರ, ನೀರಿನ ತೊಟ್ಟಿ ಕಡೆ ಓಡ್ತದ. ಆವಾಗ ದೊಡ್ಡಾಕಿ ಸಾಲಿ ಬಿಡಬೇಕಾಗ್ತದ. ಇದು ಮಲಗಿದ್ರ ಆಕಿ ಓದ್ತಾಳ್ರಿ.”

ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. ಔಷಧಿ ಅವಳ ಪಾಲಿಗೆ ಕೂಸು ನೋಡಿಕೊಳ್ಳುವ ವ್ಯವಸ್ಥೆಯಾಗಿತ್ತು. ಮಗಳ ಶಾಲೆಯೂ ಅದರ ಮೇಲೇ ನಿಂತಿತ್ತು. ಬೈದು ಬಾಟಲಿ ಕಸಿದುಕೊಂಡಿದ್ದರೆ ಮರುದಿನ ಮಗಳು ಮನೆಯಲ್ಲಿ ಉಳಿಯುತ್ತಿದ್ದಳು, ಇಲ್ಲವೇ ಹೊಸ ಬಾಟಲಿ ಬರುತ್ತಿತ್ತು.

ಹಾಗೆಂದು ಔಷಧಿಯ ವಿಷಯದಲ್ಲಿ ಸಡಿಲ ಬಿಡಲಿಲ್ಲ. ಇಂಥ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್ ಮಂಪರು ತರುತ್ತದೆ, ಹೆಚ್ಚಾದರೆ ಉಸಿರಾಟಕ್ಕೇ ಕುತ್ತು. ಫೀನೈಲೆಫ್ರಿನ್ ಜೊತೆಗಿನ ಅದರ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ ಮೇಲೆ ಮುದ್ರಿಸಲು 2023ರ ಡಿಸೆಂಬರಿನಲ್ಲಿ ಕೇಂದ್ರ ಔಷಧ ನಿಯಂತ್ರಕರು ಸೂಚಿಸಿದ್ದಾರೆ. ಅಂದೇ ಕೂಸನ್ನೂ ಬಾಟಲಿಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಲು ಹೇಳಿದೆ. ತೋರಿಸಿದಳು. ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ, ಉಸಿರು ನಿಧಾನವಾದರೆ ಕಾಯದೆ 108ಕ್ಕೆ ಕರೆ. ಅವಳು ಒಪ್ಪದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ನಾನೇ ತಿಳಿಸುತ್ತಿದ್ದೆ. ಅದನ್ನು ಅವಳಿಗೂ ಹೇಳಿದ್ದೆ.

ಮುಂದೆ ಕೂತದ್ದು ತಾಸಿನ ಲೆಕ್ಕಕ್ಕೆ. ಅಂಗನವಾಡಿಯಿಂದ ಕೂಸಿಗೆ ಪೌಷ್ಟಿಕ ಆಹಾರದ ಪೊಟ್ಟಣ ಸಿಗುತ್ತದೆ, ಆದರೆ ಕೂತು ಕಲಿಯಲು ಕರೆದುಕೊಳ್ಳುವುದು ಮೂರು ವರ್ಷವಾದ ಮೇಲೆ. ಅದಕ್ಕಿಂತ ಸಣ್ಣವರಿಗೆಂದು 2023-24ರ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಇದೆ. ಅದು ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳನ್ನು ಮುಖ್ಯವಾಗಿಟ್ಟುಕೊಂಡದ್ದು, ಆದ್ದರಿಂದ ಜಾಬ್ ಕಾರ್ಡ್ ಮೊದಲು ಸರಿಮಾಡಿಸಬೇಕು. ಇವರ ಪಂಚಾಯಿತಿಯಲ್ಲಿ ಕೂಸಿನ ಮನೆ ತೆರೆಯುತ್ತಿದ್ದದ್ದು 10ಕ್ಕೆ, ಮುಚ್ಚುತ್ತಿದ್ದದ್ದು 3ಕ್ಕೆ. ಹನ್ನೊಂದು ತಾಸು ಹೊರಗಿರುವ ತಾಯಿಗೆ ಐದು ತಾಸು ಸಾಲದು, ಅವಳು ಬಿಡುತ್ತಾಳೆ. ಹಾಜರಿ ಇಲ್ಲವೆಂದು ಕೇಂದ್ರ ಸೊರಗುತ್ತದೆ. ತಾಯಂದಿರಿಗೆ ಬೇಕಾಗಿಲ್ಲ ಎಂಬ ಮಾತು ಹುಟ್ಟುವುದು ಹೀಗೆ. ಕೇಂದ್ರ ಸರ್ಕಾರದ ‘ಪಾಲ್ನಾ’ ಯೋಜನೆಯ ಶಿಶುಪಾಲನಾ ಕೇಂದ್ರಗಳಿಗೂ ಮಾರ್ಗಸೂಚಿಯಲ್ಲಿರುವುದು ದಿನಕ್ಕೆ ಏಳೂವರೆ ತಾಸು. ತೋಟದ ಗಡಿಯಾರ ಇವುಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ.

ಹಾಗಾಗಿ ಅರ್ಜಿಯಲ್ಲಿ “ಸೌಲಭ್ಯ ಬೇಕು” ಎಂದಷ್ಟೇ ಬರೆಯಬೇಡಿ ಎಂದೆ. ಕೂಲಿ ಗ್ಯಾಂಗಿನ ಪ್ರತಿ ಕೂಸಿನ ಹೆಸರು, ಎಷ್ಟು ತಿಂಗಳದು, ತಾಯಿ ಹೊರಡುವ ಮತ್ತು ಮರಳುವ ಹೊತ್ತು, ಜಾಬ್ ಕಾರ್ಡ್ ಸಂಖ್ಯೆ. ಪಿಡಿಒ ಕೈಗೆ ಕೊಟ್ಟು ಸ್ವೀಕೃತಿ ಪಡೆಯುವುದು, ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸುವುದು. ಅಲ್ಲಿಯವರೆಗೆ ಅದೇ ಓಣಿಯ ಮೂವರು ತಾಯಂದಿರು ದಿನಕ್ಕೆ ತಲಾ 40 ರೂಪಾಯಿ ಹಾಕಿ, 120ಕ್ಕೆ ಗಟ್ಟಿಮುಟ್ಟಾದ ನೆರೆಯವಳೊಬ್ಬಳನ್ನು ಒಪ್ಪಿಸಿದರು. ತೆವಳುವ, ತಪ್ಪುಹೆಜ್ಜೆ ಇಡುವ ಮಕ್ಕಳು ಮೂರಕ್ಕಿಂತ ಹೆಚ್ಚಾದರೆ ಒಬ್ಬಳ ಕೈಗೆ ಆಗದು. ತೊಟ್ಟಿಗೆ ಹಲಗೆ ಮುಚ್ಚಿಸಿದೆವು.

ತೋಟಕ್ಕೇ ಒಯ್ದು ಚಪ್ಪರಕ್ಕೆ ಸೀರೆಯ ಜೋಳಿಗೆ ಕಟ್ಟಲಿ ಎಂದ ಗಂಡ. ಬೇಡವೆಂದೆ. ಚಾಟ್ನಿಯ ಬೆನ್ನಿಗೆ ಕಡ್ಡಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಚರ್ಮ, ಕಣ್ಣು ಸುಡುತ್ತದೆ. ಮುಂದಿನ ತಿಂಗಳುಗಳಲ್ಲಿ ಸಿಂಪಡಣೆ ನಡೆದೇ ಇರುತ್ತದೆ. ತಾಯಿಯೂ ಮನೆಗೆ ಬಂದು ಕೈಕಾಲು ತೊಳೆದು, ಸೀರೆ ಬದಲಿಸಿಯೇ ಕೂಸಿಗೆ ಹಾಲು ಕೊಡಬೇಕು.

ಮನಸ್ಸಿನ ವಿಷಯ ಬಿಟ್ಟು ಪಂಚಾಯಿತಿ ಅರ್ಜಿ ಬರೆಸುವುದು ಆಪ್ತಸಲಹೆಯೇ ಎಂದು ಕೇಳಿದವರಿದ್ದಾರೆ. ಕೂಲಿ ಬಿಡು ಎನ್ನಬಾರದಿತ್ತೇ ಎಂದವರೂ ಇದ್ದಾರೆ. ಕೂಲಿ ಬಿಟ್ಟರೆ ಕೂಸಿನ ಊಟವೇ ಕಡಿಮೆಯಾಗುತ್ತದೆ. ಇವಳ ಸಿಟ್ಟಿಗೆ ಕಾರಣ ನಿದ್ದೆಗೇಡು, ನಿದ್ದೆಗೇಡಿಗೆ ಕಾರಣ ಹಗಲೆಲ್ಲ ಮಲಗಿ ರಾತ್ರಿ ಏಳುವ ಕೂಸು, ಅದಕ್ಕೆ ಕಾರಣ ಆ ಸಿರಪ್. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ ಇದರಲ್ಲಿ ಒಂದು ಕೊಂಡಿಯೂ ಕಳಚುತ್ತಿರಲಿಲ್ಲ.

ಔಷಧಿ ನಿಂತ ಮೇಲೆ ಕೂಸು ಕೆಲ ದಿನ ಹಟ ಹಿಡಿಯಿತು, ಆಮೇಲೆ ರಾತ್ರಿ ಮಲಗತೊಡಗಿತು. ಕೂಸಿನ ಮನೆ ಈಗ 9ರಿಂದ 4ರವರೆಗೆ ನಡೆಯುತ್ತದೆ. ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು ಇನ್ನೂ ನೆರೆಯವಳ ಮೇಲೇ ಇವೆ. ತಾಯಂದಿರು ಈಗ ತಲಾ 20 ಕೊಡುತ್ತಾರೆ. ಬೆಳಿಗ್ಗೆ ಇನ್ನೂ ಬೇಗ ತೆರೆಯಬೇಕೆಂಬ ಎರಡನೆಯ ಅರ್ಜಿ ಪಂಚಾಯಿತಿಯಲ್ಲಿದೆ.