ಪ್ಯಾಂಥಿಯನ್ ಗುಮ್ಮಟದಲ್ಲಿ ಕಂಬಿಯಿಲ್ಲ

ದಾವಣಗೆರೆಯ ಓದುಗರೊಬ್ಬರ ಪತ್ರ: "ನಮ್ಮ ಮನೆಗೆ ಇನ್ನೂ ಇಪ್ಪತ್ತೆರಡು ವರ್ಷ. ಆಗಲೇ ಮೋಲ್ಡಿನ ತಳದಿಂದ ಚಕ್ಕೆ ಉದುರಿ ಕಂಬಿ ಕಾಣುತ್ತಿದೆ. ರೋಮಿನ ಪ್ಯಾಂಥಿಯನ್ ದೇಗುಲ ಹತ್ತೊಂಬತ್ತು ಶತಮಾನದಿಂದ ನಿಂತಿದೆಯಂತೆ. ಆ ಗುಟ್ಟು ನಮ್ಮ ಇಂಜಿನಿಯರುಗಳಿಗೇಕೆ ಗೊತ್ತಿಲ್ಲ? ಅದೇ ಸಿಮೆಂಟು ಈಗ ಮಾಡಬಾರದೇಕೆ?"

ಸಂಪಾದಕರ ಉತ್ತರ: ಅರ್ಧ ಉತ್ತರವನ್ನು ನೀವೇ ಬರೆದಿದ್ದೀರಿ. ಪ್ಯಾಂಥಿಯನ್‌ನ ಗುಮ್ಮಟದಲ್ಲಿ ಕಾಣುವುದಕ್ಕೆ ಕಂಬಿಯೇ ಇಲ್ಲ.

ಕಾಂಕ್ರೀಟು ಒತ್ತಡ ತಾಳುತ್ತದೆ, ಎಳೆತ ತಾಳದು. ಎಳೆತಕ್ಕೆಂದೇ ನಾವು ಕಬ್ಬಿಣ ಹಾಕುವುದು. ಐದಾರು ಇಂಚಿನ ಚಪ್ಪಟೆ ತಾರಸಿ ನಿಲ್ಲುವುದು ಅದರಿಂದ. ಆದರೆ ತೇವ ಇಳಿದರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಕಾಂಕ್ರೀಟನ್ನು ಒಡೆದು ಕೆಡವುತ್ತದೆ. ನಿಮ್ಮ ಮನೆಯಲ್ಲಿ ನಡೆದಿರುವುದೂ ಇದೇ ಇರಬೇಕು.

ರೋಮನ್ನರು ಕಮಾನು, ಗುಮ್ಮಟಗಳನ್ನು ನಂಬಿದರು, ದಪ್ಪವನ್ನು ನಂಬಿದರು. ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿದ ಆ ಗುಮ್ಮಟದ ಅಡ್ಡಳತೆ 43.3 ಮೀಟರ್. ಬುಡದಲ್ಲಿ ಆರು ಮೀಟರಿಗೂ ಹೆಚ್ಚು ದಪ್ಪ, ನೆತ್ತಿಯಲ್ಲಿ 1.2 ಮೀಟರ್. ಕೆಳಗೆ ಭಾರದ ಕಲ್ಲಿನ ಚೂರು. ಮೇಲೇರಿದಂತೆ ಹಗುರ, ಕೊನೆಗೆ ನೀರಲ್ಲಿ ತೇಲುವಂಥ ಜ್ವಾಲಾಮುಖಿ ಕಲ್ಲು. ಇಷ್ಟಾದರೂ ಕೆಳಭಾಗದಲ್ಲಿ ಬಿರುಕುಗಳಿವೆ. ದಪ್ಪ ಗೋಡೆ ಗುಮ್ಮಟವನ್ನು ಹಿಡಿದಿಟ್ಟಿದೆ. ಅಂಥ ಗೋಡೆ ನಮ್ಮ ಮೂವತ್ತು-ನಲವತ್ತರ ಸೈಟಿನಲ್ಲಿ ಎಬ್ಬಿಸಿದರೆ ಮಂಚ ಹಾಕಲು ಜಾಗ ಉಳಿಯದು!

ಇನ್ನು ಉಳಿದದ್ದನ್ನಷ್ಟೇ ನೋಡಿ ಎಲ್ಲವೂ ಗಟ್ಟಿಯಿತ್ತೆನ್ನುವುದು ಸರಿಯಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ರಾಜಕಾರಣಿ ಸಿಸೆರೊ ಗೆಳೆಯನಿಗೆ ಬರೆದಿದ್ದ: ತನ್ನ ಎರಡು ಅಂಗಡಿ ಕುಸಿದಿವೆ, ಉಳಿದವು ಬಿರುಕು ಬಿಡುತ್ತಿವೆ, ಬಾಡಿಗೆಯವರಷ್ಟೇ ಅಲ್ಲ, ಇಲಿಗಳೂ ಖಾಲಿ ಮಾಡಿವೆ ಎಂದು.

ಹಾಗೆಂದು ಅವರ ಗಾರೆ ಸಾಮಾನ್ಯದ್ದಲ್ಲ. ಬರೀ ಸುಣ್ಣ ಗಾಳಿಗೆ ಗಟ್ಟಿಯಾಗುತ್ತದೆ; ನೇಪಲ್ಸ್ ಬಳಿಯ ಪೊಜ್ಜುವೊಲಿಯ ಜ್ವಾಲಾಮುಖಿ ಬೂದಿ ಬೆರೆಸಿದರೆ ನೀರೊಳಗೂ ಕಲ್ಲಾಗುತ್ತದೆ. ಸಮುದ್ರದ ಕೆಲಸಕ್ಕೆ ಒಂದು ಪಾಲು ಸುಣ್ಣ, ಎರಡು ಪಾಲು ಬೂದಿ ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿಟ್ಟಿದ್ದಾನೆ. ಯೆಹೂದದ ಹೆರೋದ್ ರಾಜ ಈಗಿನ ಇಸ್ರೇಲ್ ಕರಾವಳಿಯ ಸಿಸೇರಿಯಾದಲ್ಲಿ ಬಂದರು ಕಟ್ಟಿಸಿದಾಗ ಆ ಬೂದಿ ಹಡಗಿನಲ್ಲಿ ಮೆಡಿಟರೇನಿಯನ್ ದಾಟಿ ಬಂತು. ರೋಮನ್ ಬಂದರುಗಳ ಕಾಂಕ್ರೀಟಿನೊಳಗೆ ಉಪ್ಪುನೀರು ಇಳಿದು, ಅದನ್ನು ಗಟ್ಟಿಗೊಳಿಸುವ ಹೊಸ ಹರಳುಗಳು ಬೆಳೆದಿರುವುದನ್ನು ವಿಜ್ಞಾನಿ ಮೇರಿ ಜಾಕ್ಸನ್ ತಂಡ 2017ರಲ್ಲಿ ತೋರಿಸಿತು. ನಮ್ಮ ಕಂಬಿಗೆ ಉಪ್ಪುನೀರೇ ಶತ್ರು. 2023ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ ಇನ್ನೊಂದು ಅಂಶ ಹೇಳಿತು: ಸುಡುಸುಣ್ಣವನ್ನೇ ಬಿಸಿಬಿಸಿಯಾಗಿ ಕಲಸಿದ್ದರಿಂದ ಉಳಿದ ಸುಣ್ಣದ ಬಿಳಿ ಗಂಟುಗಳು, ಬಿರುಕಿಗೆ ನೀರು ಹೊಕ್ಕಾಗ ಕರಗಿ ಬಿರುಕನ್ನೇ ತುಂಬುತ್ತವೆ.

ಎರಡನೆಯ ಪ್ರಶ್ನೆ, ಈಗ ಮಾಡಬಾರದೇ? ಅದರ ಹತ್ತಿರದ ಬಂಧುಗಳು ಇಲ್ಲೇ ಇವೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣ, ಸುಟ್ಟ ಇಟ್ಟಿಗೆ ಪುಡಿ. ರೋಮನ್ನರೂ ಇಟ್ಟಿಗೆ ಪುಡಿ ಬೆರೆಸುತ್ತಿದ್ದರು. ಅಂಗಡಿಯಲ್ಲಿ ಸಿಗುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜ್ಜೊಲಾನ) ಸಿಮೆಂಟಿನಲ್ಲಿ ಜ್ವಾಲಾಮುಖಿ ಬೂದಿಯ ಕೆಲಸವನ್ನು ಕಲ್ಲಿದ್ದಲ ಹಾರುಬೂದಿ ಮಾಡುತ್ತಿದೆ.

ಸದ್ಯಕ್ಕೆ ನಿಮ್ಮ ಮೋಲ್ಡಿಗೆ ಬರೀ ಪ್ಲಾಸ್ಟರ್ ಮೆತ್ತಿಸಬೇಡಿ; ಒಳಗೆ ತುಕ್ಕು ಮುಂದುವರಿಯುತ್ತದೆ. ಮೊದಲು ಮೇಲಿನ ಸೋರಿಕೆ ನಿಲ್ಲಿಸಿ, ಸಡಿಲ ಭಾಗ ಕೆತ್ತಿಸಿ, ಕಂಬಿಯ ತುಕ್ಕು ಉಜ್ಜಿ ತೆಗೆಸಿ. ಕಂಬಿ ಸವೆದು ತೆಳ್ಳಗಾಗಿದ್ದರೆ ಮೇಸ್ತ್ರಿಯ ಮಾತಿಗೆ ನಿಲ್ಲದೆ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ.