ನಮ್ಮ ತಾಲ್ಲೂಕು ಕೋರ್ಟಿಗೆ ಮೊದಲು ಏನು ಕೇಳಬೇಕು: ಹೊಸ ಕಟ್ಟಡವಾ, ಕಂಪ್ಯೂಟರಾ?

ನೀವು ಈಗ ವಕೀಲರ ಸಂಘದ ಕಾರ್ಯದರ್ಶಿ. ಹತ್ತು ವರ್ಷದ ಹಿಂದೆ ನಾನೂ ಅದೇ ಕುರ್ಚಿಯಲ್ಲಿದ್ದೆ.

ಆಗ ನಮಗೆ ಹೆಚ್ಚುವರಿ ಕೋರ್ಟ್ ಮಂಜೂರಾಗಿತ್ತು. ಇದ್ದ ಕಟ್ಟಡದ ಮೇಲೆ ಮಹಡಿ ಎತ್ತುವುದು ಅಂತ ತೀರ್ಮಾನವಾಯಿತು. ಎಂಜಿನಿಯರ್ ನಕ್ಷೆ ತಂದು ಮೇಜಿನ ಮೇಲೆ ಹರಡಿ, ಏನಾದರೂ ಬದಲಾಯಿಸಬೇಕಿದ್ದರೆ ಈಗಲೇ ಹೇಳಿ ಅಂದರು. ನಾನು ನೋಡಿದ್ದು ವಕೀಲರ ಹಾಲ್ ಎಷ್ಟು ಅಡಿ ಇದೆ ಅಂತ ಮಾತ್ರ. ಅದು ನೆಲಮಹಡಿಯಲ್ಲೇ ಇರಬೇಕು ಅಂತ ಹಟ ಹಿಡಿದೆ. ಸಿಕ್ಕಿತು. ಅದಕ್ಕೆ ಜಾಗ ಮಾಡಲು ಸಿವಿಲ್ ಕೋರ್ಟ್ ಹಾಲ್ ಮೇಲಕ್ಕೆ ಹೋಯಿತು. 22 ಮೆಟ್ಟಿಲು, ಲಿಫ್ಟ್ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ನಾನೇ.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ನಾವು ವಕೀಲರು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯುವವರು. ಕೋಟು ನೇತು ಹಾಕಿ ಊಟದ ಡಬ್ಬಿ ಬಿಚ್ಚುವ ಹಾಲ್ ಮೇಲಿದ್ದರೂ ನಡೆಯುತ್ತಿತ್ತು, ಅಲ್ವಾ? ಮಂಡಿ ನೋವಿನವರು, ಬಸುರಿಯರು, ಕಂಕುಳಲ್ಲಿ ಮಗು ಎತ್ತಿಕೊಂಡು ಜೀವನಾಂಶದ ಕೇಸಿಗೆ ಬರುವವರು, ಇವರು ಯಾರೂ ನಕ್ಷೆ ನೋಡಲು ಬಂದಿರಲಿಲ್ಲ. ಅವರ ಪರವಾಗಿ ಆ ಮೇಜಿನ ಮುಂದೆ ನಿಂತಿದ್ದವನು ನಾನು. ಅವರು ನನ್ನ ನೆನಪಿಗೇ ಬರಲಿಲ್ಲ.

ಹೊಸ ಹಾಲ್ ಶುರುವಾದ ಎರಡನೇ ವರ್ಷ. ನನ್ನದೇ ಕಕ್ಷಿದಾರರು, ಎಪ್ಪತ್ತು ದಾಟಿದ ಅಜ್ಜಿ. ತಮ್ಮಂದಿರ ಮೇಲೆ ಪಾಲಿನ ದಾವಾ ಹಾಕಿದ್ದರು. ಅವತ್ತು ಎದುರಿನ ವಕೀಲರು ಅವರನ್ನು ಪಾಟೀಸವಾಲು ಮಾಡುವ ದಿನ. ಅದಕ್ಕೆ ಮೊದಲೇ ಎರಡು ವಾಯಿದೆ ತೆಗೆದುಕೊಂಡಿದ್ದೆವು. ಅಜ್ಜಿ ಬೆಳಗಿನ ಮೊದಲ ಬಸ್ಸಿಗೆ ಬಂದು ಮೆಟ್ಟಿಲ ಬುಡದಲ್ಲಿ ಕೂತಿದ್ದರು. ಕರೆದಾಗ ಯಾರನ್ನಾದರೂ ಹಿಡಿದುಕೊಂಡು ಹತ್ತೋಣ ಅಂತ. ನಾನು ಕೆಳಗಿನ ಕ್ರಿಮಿನಲ್ ಕೋರ್ಟಿನಲ್ಲಿ ಸಾಕ್ಷಿಯ ಮುಂದೆ ನಿಂತಿದ್ದೆ. ಮೇಲೆ ಜವಾನ ಮೂರು ಸಲ ಹೆಸರು ಕೂಗಿದ. ಆ ಕೂಗು ಕೆಳಗೆ ಮುಟ್ಟಲಿಲ್ಲ. ಪ್ರತಿವಾದಿ ಹಾಜರ್, ವಾದಿ ಗೈರು. ದಾವಾ ವಜಾ.

"ನಾನು ಇಲ್ಲೇ ಇದ್ನಲ್ಲಪ್ಪ" ಅಂದರು ಅಜ್ಜಿ.

ವಜಾ ಆದೇಶ ರದ್ದು ಮಾಡಿ ಅಂತ 30 ದಿನದೊಳಗೆ ಅರ್ಜಿ ಹಾಕಿದೆ. ಅದಕ್ಕೆ ಎದುರಿನವರ ತಕರಾರು, ಮತ್ತೆ ವಾಯಿದೆಗಳು. ದಾವಾ ಮತ್ತೆ ಫೈಲಿಗೆ ಬರಲು 14 ತಿಂಗಳು ಹಿಡಿಯಿತು. ಅಷ್ಟು ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಿದ್ದರು. ಕೊನೆಗೆ ಕೋರ್ಟ್ ಕಮಿಷನರ್ ಅವರ ಮನೆಗೇ ಹೋಗಿ ಸಾಕ್ಷ್ಯ ಬರೆದುಕೊಂಡರು.

ಹಾಗಾಗಿ ಕಟ್ಟಡವಾ ಕಂಪ್ಯೂಟರಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ನಮ್ಮ ಅನುಕೂಲದ ಮಾತು. ಕೋರ್ಟುಗಳನ್ನು ಕಂಪ್ಯೂಟರೀಕರಿಸುವ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲೇ 7,210 ಕೋಟಿ ರೂಪಾಯಿ ಒಪ್ಪಿದೆ. ಕಂಪ್ಯೂಟರ್ ಇವತ್ತಲ್ಲ ನಾಳೆ ಬರುತ್ತದೆ. ಶೌಚಾಲಯ, ರ‍್ಯಾಂಪು, ಕೂರಲು ಬೆಂಚು, ಕುಡಿಯುವ ನೀರು, ಇವನ್ನು ಯಾರಾದರೂ ಬೆನ್ನು ಹತ್ತಿ ಕೇಳಿದರೆ ಮಾತ್ರ ಬರುತ್ತವೆ.

ಕೇಳಲು ದಾರಿಯೂ ಇದೆ. ಕೋರ್ಟ್ ಕಟ್ಟಡಗಳಿಗೆ 1993-94ರಿಂದ ಕೇಂದ್ರದ ಯೋಜನೆ ಇದೆ, ನಮ್ಮಂಥ ರಾಜ್ಯಕ್ಕೆ ಕೇಂದ್ರದ್ದು 60, ರಾಜ್ಯದ್ದು 40 ಪಾಲು. 2021ರಲ್ಲಿ ಅದಕ್ಕೆ ಶೌಚಾಲಯ ಸಂಕೀರ್ಣವನ್ನೂ ಸೇರಿಸಿದರು. ಮತ್ತೆ 2025ರ ಜನವರಿ 15ರಂದು ಸುಪ್ರೀಂ ಕೋರ್ಟ್, ರಾಜೀಬ್ ಕಲಿತಾ ಪ್ರಕರಣದಲ್ಲಿ, ಎಲ್ಲ ಕೋರ್ಟ್ ಆವರಣದಲ್ಲೂ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕು ಅಂತ ಆದೇಶ ಮಾಡಿದೆ. ಜಿಲ್ಲಾ ನ್ಯಾಯಾಧೀಶರಿಗೆ ಕೊಡುವ ಮನವಿಗೆ ಇದರ ಪ್ರತಿ ಲಗತ್ತಿಸಿ. ಸುಮ್ನೆ ಮನವಿ ಕೊಡುವುದಕ್ಕಿಂತ ತೂಕ ಜಾಸ್ತಿ.

ದುಡ್ಡು ಬರುವ ತನಕ ಕಾಯಬೇಡಿ. ನಾವು ಆಮೇಲೆ ಚಂದಾ ಎತ್ತಿ ಕೆಳಗೊಂದು ಸ್ಪೀಕರ್ ಹಾಕಿಸಿದೆವು. ಮೆಟ್ಟಿಲು ಹತ್ತಲಾಗದವರ ಸಾಕ್ಷ್ಯವನ್ನು ಕೆಳಗಿನ ಹಾಲಿನಲ್ಲಿ ತೆಗೆದುಕೊಳ್ಳಿ ಅಂತ ಮೆಮೊ ಹಾಕಿದರೆ ನ್ಯಾಯಾಧೀಶರು ಒಪ್ಪುತ್ತಿದ್ದರು. ಇಷ್ಟನ್ನು ಮೊದಲೇ ಮಾಡಬಹುದಿತ್ತು.

ನಕ್ಷೆ ಈಗಾಗಲೇ ನಿಮ್ಮ ಕೈಗೆ ಬಂದಿದ್ದರೆ ಈ ವಾರ ಸಹಿ ಹಾಕಬೇಡಿ. ಒಂದು ದಿನ ಕಕ್ಷಿದಾರರು ಕೂರುವ ಕಡೆ ಬೆಳಿಗ್ಗೆಯಿಂದ ಸಂಜೆ ತನಕ ಕೂತು ನೋಡಿ. ಕೋರ್ಟ್ ಹಾಲ್ ಮೇಲಿದ್ದು ಲಿಫ್ಟ್ ಇಲ್ಲದಿದ್ದರೆ, ವಕೀಲರ ಹಾಲನ್ನು ಮೇಲಕ್ಕೆ ಹಾಕಿ ಅಂತ ನೀವೇ ಬರೆದು ಕೊಡಿ. ಸಂಘದಲ್ಲಿ ಬೈಯುತ್ತಾರೆ. ಬೈಸಿಕೊಳ್ಳಿ.